ಗುಜರಿಯಿಂದ ವಿಂಡೋ ಮೆಷಿನ್ ತರುವ ಮೊದಲು

ಆಟಿ ತಿಂಗಳಲ್ಲಿ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಗ್ಲಾಸ್ ಕೆಳಗೆ ಹೋದದ್ದು ಮೇಲೆ ಬರುವುದಿಲ್ಲ ಮಾರಾಯ್ರೆ, ಸೀಟೆಲ್ಲ ಚಂಡಿ." ಪಡುಬಿದ್ರಿಯಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ನನಗೆ ಮಳೆಗಾಲವೇ ಸೀಸನ್. ಮುಂದಿನ ಪ್ರಶ್ನೆಯೂ ಗೊತ್ತಿರುವುದೇ: ಗ್ಲಾಸ್ ಏರಿಸಿ ಇಳಿಸುವ ಹಳೆಯ ಮೆಷಿನ್ ಗುಜರಿಯಲ್ಲಿ ಸಿಕ್ಕಿದರೆ ಹಾಕಬಹುದಾ?

ಹಿಂದಿನ ಬಾಗಿಲಿಗಾದರೆ ಧಾರಾಳವಾಗಿ ಹಾಕಿ. ಡ್ರೈವರ್ ಬಾಗಿಲಿಗಾದರೆ ಅವಸರ ಮಾಡಬೇಡಿ. ಕಾರಲ್ಲಿ ಅತಿ ಜಾಸ್ತಿ ಏರಿ ಇಳಿಯುವುದು ಆ ಒಂದು ಗ್ಲಾಸ್. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಗುವ ಮೊದಲು ತಲಪಾಡಿ, ಹೆಜಮಾಡಿ, ಸಾಸ್ತಾನ ಟೋಲುಗಳಲ್ಲಿ ದುಡ್ಡು ಕೊಡಲು ಇಳಿಯುತ್ತಿದ್ದದ್ದೂ ಅದೇ ಅಲ್ವಾ? ಅದೇ ಕಾರಿನ ಹಿಂದಿನ ಎಡ ಬಾಗಿಲು ಬಿಚ್ಚಿ ನೋಡಿದರೆ ಮೆಷಿನ್ ಹೆಚ್ಚಾಗಿ ಹೊಸದರ ಹಾಗೇ ಇರುತ್ತದೆ. ಆದರೆ ಹಿಂದಿನದ್ದು ಮುಂದಕ್ಕೆ ಕೂರುವುದಿಲ್ಲ, ಎಡದ್ದು ಬಲಕ್ಕೆ ಆಗುವುದಿಲ್ಲ. ಹಾಗಾಗಿ ಡ್ರೈವರ್ ಬಾಗಿಲಿಗೆ ಗುಜರಿಯವರು ಹೊಸದರ ಅರ್ಧ ರೇಟಿಗಿಂತ ಜಾಸ್ತಿ ಹೇಳಿದರೆ ನಾನು ಹೊಸದನ್ನೇ ತರಿಸುತ್ತೇನೆ.

ಅದಕ್ಕೂ ಮೊದಲು ಹೋದದ್ದು ಮೆಷಿನ್ನೇ ಹೌದಾ ಅಂತ ನೋಡಿ. ಸ್ವಿಚ್ ಒತ್ತಿದಾಗ ಒಳಗೆ ಮೋಟರ್ ಗುಂಯ್ ಅನ್ನುತ್ತದೆ, ಗ್ಲಾಸ್ ಅಲುಗುವುದಿಲ್ಲ ಅಂದರೆ ಕೇಬಲ್ಲೋ ಗೇರೋ ಹೋಗಿದೆ. ಸದ್ದೇ ಇಲ್ಲವಾದರೆ ಮೊದಲು ಫ್ಯೂಸ್, ಸ್ವಿಚ್, ಆಮೇಲೆ ಬಾಗಿಲಿನ ಹಿಂಜಿನ ಹತ್ತಿರ ರಬ್ಬರ್ ಕೊಳವೆಯೊಳಗೆ ಹೋಗುವ ವೈರ್. ಬಾಗಿಲು ತೆಗೆದು ಹಾಕಿ ಅಲ್ಲಿ ವೈರ್ ತುಂಡಾಗುವುದು ಮಾಮೂಲು. ಗ್ಲಾಸ್ ನಿಧಾನಕ್ಕೆ ಏರುತ್ತಿದ್ದರೆ ಎರಡು ಬದಿಯ ರಬ್ಬರ್ ಒಣಗಿರಬಹುದು. ಸಿಲಿಕಾನ್ ಸ್ಪ್ರೇ ಹೊಡೆದು ನೋಡಿ. ಗ್ರೀಸ್ ಬೇಡ, ಧೂಳು ಹಿಡಿಯುತ್ತದೆ.

ಮೆಷಿನ್ನೇ ಹೋಗಿದ್ದರೆ ಹಳೆಯದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ಫೋಟೋ ಸಾಕಾಗುವುದಿಲ್ಲ. ಕಾರಿನ ಹೆಸರು ಹೇಳಿದರೂ ಸಾಕಾಗುವುದಿಲ್ಲ. ಸ್ವಿಫ್ಟ್ ಇಲ್ಲಿಗೆ ಬಂದದ್ದು 2005ರಲ್ಲಿ. 2011ರಲ್ಲಿ ಬಾಡಿ ಬದಲಾಯಿತು, 2018ರಲ್ಲಿ ಮತ್ತೆ ಬದಲಾಯಿತು. 2011ರ ಗಾಡಿ ಅಂದರೆ ಎರಡರಲ್ಲಿ ಯಾವುದೂ ಇರಬಹುದು, ಆರ್‌ಸಿಯಲ್ಲಿ ತಿಂಗಳೂ ನೋಡಬೇಕು. ಎಡ ಬಲ ಹೇಳುವಾಗ ಡ್ರೈವರ್ ಸೈಡ್, ಕ್ಲೀನರ್ ಸೈಡ್ ಅಂತಲೇ ಹೇಳಿ. ಅಮೆರಿಕದವರ ವಿಡಿಯೋ ನೋಡಿ ಪಾರ್ಟ್ ಹುಡುಕುವವರಿಗೆ ಒಂದು ಮಾತು: ಅವರ ಡ್ರೈವರ್ ಸೈಡ್ ನಮ್ಮ ಕ್ಲೀನರ್ ಸೈಡ್!

ನಿಮ್ಮ ಹಳೆಯದನ್ನೂ ಗುಜರಿಯದ್ದನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟು ಬೋಲ್ಟಿನ ತೂತುಗಳ ಜಾಗ, ಗ್ಲಾಸ್ ಹಿಡಿಯುವ ಕ್ಲಿಪ್, ಮೋಟರಿನ ಸಾಕೆಟ್ ಹೋಲಿಸಿ. ಸಾಕೆಟ್ಟಿಗೆ ಎರಡೇ ವೈರ್ ಇದ್ದರೆ ಸಾದಾ ಮೋಟರ್. ಜಾಸ್ತಿ ಇದ್ದರೆ ಅದು ಒಂದೇ ಒತ್ತಿಗೆ ಪೂರ್ತಿ ಏರುವ, ಕೈ ಸಿಕ್ಕಿದರೆ ನಿಲ್ಲುವ ಜಾತಿಯದ್ದಿರಬಹುದು. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ವೈರ್ ಕಡಿದು ಜೋಡಿಸಿ ಕೊಡುತ್ತೇನೆ ಅನ್ನುವವರ ಮಾತು ಕೇಳಬೇಡಿ.

ಇನ್ನು ನಮ್ಮ ಕರಾವಳಿಯ ತಾಪತ್ರಯ, ತುಕ್ಕು. ಹೊರಗಿನ ಫ್ರೇಮಿಗೆ ಸ್ವಲ್ಪ ತುಕ್ಕು ಹಿಡಿದಿದ್ದರೆ ತೊಂದರೆ ಇಲ್ಲ, ಉಜ್ಜಿ ಪೇಂಟ್ ಹೊಡೆದರೆ ಆಯಿತು. ನೋಡಬೇಕಾದ್ದು ಸಾಕೆಟ್ಟಿನ ಒಳಗೆ. ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಪಿನ್ನಿನ ಬುಡದಲ್ಲಿ ಹಸಿರು ಪುಡಿ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಸ್ಕ್ರೂ ತಲೆಯ ಗುಂಡಿಯಲ್ಲಿ, ಗೇರ್ ಮುಚ್ಚಳದ ಅಂಚಿನಲ್ಲಿ ನಯವಾದ ಕೆಂಪು ಮಣ್ಣು ಸಮನಾಗಿ ಕೂತಿದ್ದರೆ ಅದು ನೆರೆಯಲ್ಲಿ ಮುಳುಗಿದ ಗಾಡಿಯದ್ದಿರಬಹುದು. ಹೊರಗೆ ತೊಳೆದು ಹೊಳೆಯುವ ಹಾಗೆ ಮಾಡಿರುತ್ತಾರೆ, ಆ ಸಂದಿಯ ಮಣ್ಣು ಮಾತ್ರ ಹೋಗಿರುವುದಿಲ್ಲ.

ಕೇಬಲ್ ಇರುವ ಮೆಷಿನ್ ಆದರೆ ಹಳೆಯ ಬನಿಯನ್ ತುಂಡಿನಲ್ಲಿ ಕೇಬಲನ್ನು ಹಿಡಿದು ಉದ್ದಕ್ಕೂ ಸವರಿ. ಒಂದು ಎಳೆ ಕಡಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಬೆರಳಿಗೆ ಚುಚ್ಚೀತು. ಗ್ಲಾಸ್ ಕೂರುವ ಪ್ಲಾಸ್ಟಿಕ್ ತುಂಡನ್ನು ಸ್ವಲ್ಪ ಬಗ್ಗಿಸಿ ನೋಡಿ. ಬಿಳಿ ಗೀರು ಮೂಡಿದರೆ ಅದರ ಆಯಸ್ಸು ಮುಗಿಯಿತು. ಕತ್ತರಿಯ ಹಾಗೆ ಮಡಚುವ ಮೆಷಿನ್ ಗಟ್ಟಿ, ಗುಜರಿಯಲ್ಲಿ ಸಿಕ್ಕಿದರೆ ನನಗೆ ಅದೇ ಇಷ್ಟ. ಆದರೆ ಅದರಿಂದ ಮೋಟರ್ ಬೇರೆ ಮಾಡಲು ಹೋಗಬೇಡಿ. ಸುರುಳಿ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಮೆಷಿನ್ನಿನ ತೋಳನ್ನು ಬಿಗಿದು ಕಟ್ಟದೆ ಮೋಟರ್ ತೆಗೆದರೆ ಫಟ್ಟನೆ ಹೊಡೆಯುತ್ತದೆ, ಬೆರಳು ಹೋಗುತ್ತದೆ.

ಎಲ್ಲ ಸರಿ ಕಂಡರೆ ಒಂದು 12 ವೋಲ್ಟ್ ಬ್ಯಾಟರಿ, ಎರಡು ವೈರ್ ಕೇಳಿ. ಗುಜರಿಯವರ ಹತ್ತಿರ ಇದ್ದೇ ಇರುತ್ತದೆ. ಸಾದಾ ಮೋಟರಿಗೆ ವೈರ್ ತಾಗಿಸಿದರೆ ಒಂದು ಕಡೆ ಓಡುತ್ತದೆ, ಅದಲು ಬದಲು ಮಾಡಿದರೆ ವಾಪಸ್. ತುದಿಯಿಂದ ತುದಿಗೆ ಓಡಿಸಿ, ಬೆರಳು ದೂರ ಇಡಿ. ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಒಂದೇ ಸಮನೆ ಸದ್ದು ಬಂದರೆ ಒಳ್ಳೆಯದು. ಒಂದು ಜಾಗದಲ್ಲಿ ಕಟ್ ಕಟ್ ಅಂದರೆ ಗೇರಿನ ಹಲ್ಲು ಹೋಗಿದೆ. ಗ್ಲಾಸಿನ ಭಾರ ಇಲ್ಲದಾಗಲೇ ಹೀಗೆ ಅಂದರೆ ಬಾಗಿಲೊಳಗೆ ಎಷ್ಟು ದಿನ ಬಾಳೀತು?

ಬಿಲ್ ಸಿಗುವುದು ಕಷ್ಟ. ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಹಾಕುವ ಮೊದಲು ಬಾಗಿಲಿನ ಅಡಿಯ ನೀರು ಹೋಗುವ ತೂತುಗಳಿಗೆ ಒಂದು ಹಿಡಿಕಡ್ಡಿ ಹಾಕಿ ಬಿಡಿಸಿ. ಎಲೆ, ಮಣ್ಣು ಕಟ್ಟಿಕೊಂಡು ನೀರು ಒಳಗೇ ನಿಂತರೆ ಬಾಗಿಲಿನ ತಗಡೂ ಮೆಷಿನ್ನೂ ಎರಡೂ ತುಕ್ಕು ಹಿಡಿಯುತ್ತವೆ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡುವ ಮೆಕ್ಯಾನಿಕ್‌ಗಳು ಇದ್ದಾರೆ, ಎದುರು ನಿಂತು ವಾಪಸ್ ಅಂಟಿಸಲು ಹೇಳಿ. ಅದು ಇಲ್ಲದಿದ್ದರೆ ಗ್ಲಾಸ್ ಪೂರ್ತಿ ಏರಿಸಿದರೂ ಮಳೆನೀರು ಮ್ಯಾಟಿನ ಅಡಿಗೆ ಬರುತ್ತದೆ.