ಕರವ್ ಎಂದು ಕೇಳಿಸಿದ ಹಳ್ಳ

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಬೆಟ್ಟ, ಹಳ್ಳಗಳ ಗೇಲಿಕ್ ಭಾಷೆಯ ಹೆಸರುಗಳನ್ನು, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಬೇಕೆಂದು ಹೊರಟಾಗ ನಾನು ಮೊದಲು ಹಿಡಿದದ್ದು ಹಳೆಯ ಕಾಗದಗಳನ್ನು. ಈಗಿನ ಮುದ್ರಿತ ನಕ್ಷೆಗಳನ್ನು ನೋಡಿ ಬರೆದುಕೊಳ್ಳಲು ಹಕ್ಕುಸ್ವಾಮ್ಯ ಬಿಡುವುದಿಲ್ಲ. 19ನೆಯ ಶತಮಾನದ ಮೈಲಿಗೆ ಆರಿಂಚಿನ ಆರ್ಡ್ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆಗಳಿಗೆ ಆ ತೊಡಕಿಲ್ಲ. ಸರ್ವೆಯವರು ಬರೆದಿಟ್ಟ ಹೆಸರಿನ ಪುಸ್ತಕಗಳೂ ಉಳಿದಿವೆ. ಹೆಸರು, ಅದರ ಬೇರೆ ಬೇರೆ ಕಾಗುಣಿತಗಳು, ಹಾಗೆ ಬರೆಯಲು ಯಾರ ಮಾತು ಆಧಾರ, ಜಾಗ ಎಲ್ಲಿದೆ, ಹೇಗಿದೆ ಎಂದು ಸಾಲುಸಾಲಾಗಿ ದಾಖಲಿಸಿದ್ದಾರೆ. ಅವನ್ನು ಓದುತ್ತ ಎಷ್ಟೋ ರಾತ್ರಿಗಳನ್ನು ಸಂತೋಷದಿಂದ ಕಳೆದಿದ್ದೇನೆ.

ಆದರೆ ಹೆಸರು ಬದುಕಿರುವುದು ಕುರಿ ಮೇಯಿಸುವವರ, ಒಲೆಗೆ ಪೀಟ್ ಮಣ್ಣು ಕಡಿಯುವವರ ಬಾಯಲ್ಲಿ. ಅವರ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ದನಿ ಮುದ್ರಿಸಿಕೊಳ್ಳುತ್ತಿದ್ದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಕನ್ನಡ ಲಿಪಿಯಲ್ಲೇ ಗುರುತು ಹಾಕುತ್ತಿದ್ದೆ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ.

ಒಬ್ಬ ಅಜ್ಜಿ ತಮ್ಮ ಮನೆಯ ಹಿಂದಿನ ಹಳ್ಳವನ್ನು ‘ಔಲ್ಟ್ ಕರವ್’ ಎಂದರು. ಔಲ್ಟ್ ಎಂದರೆ ಹಳ್ಳ, ಅದು ಗೊತ್ತಿತ್ತು. ಕರವ್ ಯಾವುದು? ನಿಘಂಟಿನಲ್ಲಿ ‘ಸಿ’ ಅಕ್ಷರದ ಅಡಿಯಲ್ಲಿ ಮೂರು ದಿನ ಹುಡುಕಿದೆ. ಆಮೇಲೆ ಹೊಳೆಯಿತು: ಗೇಲಿಕ್‌ನಲ್ಲಿ ಪದದ ಮೊದಲಲ್ಲಿ ಬರುವ ‘ಜಿ’ ನಮ್ಮ ಕಿವಿಗೆ ಕ ಎಂದೇ ಕೇಳಿಸುತ್ತದೆ, ‘ಸಿ’ ಬಂದರೆ ಖ. ಅವರದು ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ. ಪದ ‘ಗರ್ಭ್’, ಅರ್ಥ ಒರಟು. ಕೊನೆಯ ‘ಭ್’ ವ ಆಗಿ, ‘ರ್’ ಆದ ಮೇಲೆ ಬರವಣಿಗೆಯಲ್ಲಿಲ್ಲದ ಒಂದು ‘ಅ’ ನುಸುಳಿ ಕರವ್ ಆಗುತ್ತದೆ. ಹೀಗೆ ನುಸುಳುವ ಸ್ವರಕ್ಕೆ ಗೇಲಿಕ್ ವಿದ್ವಾಂಸರು ಇಟ್ಟ ಹೆಸರು ಸ್ವರಭಕ್ತಿ! ಶಾಲೆಯ ವ್ಯಾಕರಣದ ಪದವೊಂದು ಅಟ್ಲಾಂಟಿಕ್ ದಂಡೆಯ ಜೌಗಿನಲ್ಲಿ ಎದುರಾದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ಕಿವಿಗೆ ಬಿದ್ದದ್ದನ್ನು ಕಾಗುಣಿತಕ್ಕೆ ತರುವಾಗ ಲಿಂಗವನ್ನೂ ನೋಡಬೇಕು. ದೊಡ್ಡದು ಎಂಬ ‘ಮೋರ್’ ಪುಲ್ಲಿಂಗದ ‘ಕ್ನೊಕ್’, ಅಂದರೆ ದಿಣ್ಣೆಯ ಜೊತೆ ಮೋರ್ ಆಗಿಯೇ ಉಳಿಯುತ್ತದೆ. ಸ್ತ್ರೀಲಿಂಗದ ‘ಬೇನ್’, ಅಂದರೆ ಬೆಟ್ಟದ ಜೊತೆ ‘ವೋರ್’ ಆಗುತ್ತದೆ. ದೀರ್ಘ ಸ್ವರದ ಮೇಲೆ ಎರಡು ಬಗೆಯ ಓರೆಗೆರೆ ಹಾಕುತ್ತಿದ್ದ ಪದ್ಧತಿಯನ್ನು 1981ರ ಕಾಗುಣಿತ ನಿಯಮಗಳು ಕೈಬಿಟ್ಟವು. ಈಗ ಎಡದಿಂದ ಬಲಕ್ಕೆ ಇಳಿಯುವ ಗೆರೆ ಮಾತ್ರ. ಹಳೆಯ ನಕ್ಷೆಯ ರೂಪವನ್ನು ನಾನು ಅಳಿಸುವುದಿಲ್ಲ, ಹಳೆಯ ಹೆಸರು ಎಂದು ಬೇರೆಯಾಗಿ ಉಳಿಸುತ್ತೇನೆ. ಅನುಮಾನವಿದ್ದರೆ ಸ್ಕಾಟ್ಲೆಂಡಿನ ಗೇಲಿಕ್ ಸ್ಥಳನಾಮ ಸಂಸ್ಥೆಯ ದತ್ತಾಂಶ ನೋಡುತ್ತೇನೆ.

ಹಳ್ಳವನ್ನು ನಕ್ಷೆಗೆ ಏರಿಸಿ ಅಜ್ಜಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಅವರು ಬೆರಳಿನಿಂದ ನೀಲಿ ಗೆರೆಯನ್ನು ಹಿಂಬಾಲಿಸುತ್ತ ಸೇತುವೆಯ ಬಳಿ ನಿಂತರು. ಅಲ್ಲಿಂದ ಕೆಳಕ್ಕೆ ನೀರು ಮೆತ್ತಗೆ ಹರಿಯುತ್ತದೆ, ಅದನ್ನು ಒರಟು ಎಂದು ಯಾರೂ ಕರೆದಿಲ್ಲ, ಅದಕ್ಕೆ ಬೇರೆಯೇ ಹೆಸರಿದೆ ಎಂದರು. ಗೆರೆಯನ್ನು ಸೇತುವೆಯ ಹತ್ತಿರ ಕತ್ತರಿಸಿ ಎರಡು ಮಾಡಿ, ಟಿಪ್ಪಣಿ ಪುಸ್ತಕವನ್ನು ಮತ್ತೆ ತೆರೆದೆ.