ಶ್ವಾಸಕೋಶದ ಆಪರೇಷನ್ ಆದವರ ಕಾಲಿನ ಮೇಲೂ ಕಣ್ಣಿಡಿ

ನಾನು ಸರ್ಜರಿ ವಾರ್ಡಿನ ನರ್ಸ್. ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎಷ್ಟಿದೆ ಅಂತ ಕ್ಯಾಪ್ರಿನಿ ಅಂಕ ಹಾಕಿ ಅಂದಾಜು ಮಾಡುತ್ತೇವೆ. ವಯಸ್ಸು 61ರಿಂದ 74 ಇದ್ದರೆ 2, ಕ್ಯಾನ್ಸರಿಗೆ 2, 45 ನಿಮಿಷ ಮೀರಿದ ಆಪರೇಷನ್‌ಗೆ 2. ಆಗಲೇ 6 ಆಯ್ತು ಅಲ್ವಾ? 5 ಮುಟ್ಟಿದರೇ ಅಪಾಯ ಜಾಸ್ತಿ. ಹಿಂದೆ ಹೆಪ್ಪುಗಟ್ಟಿದ್ದರೆ ಇನ್ನೂ 3. ರಕ್ತಸಂಬಂಧಿಗಳಿಗೆ ಆಗಿದ್ದರೂ 3. ಇದನ್ನು ಜನ ತಾವಾಗಿ ಹೇಳುವುದೇ ಇಲ್ಲ, ನಾನು ಎರಡೆರಡು ಸಲ ಕೇಳುತ್ತೇನೆ.

ಅಂಕ ಹಾಕಿ ಸುಮ್ನೆ ಕೂರಬೇಡಿ. ದಿನಾ ಬೆಳಿಗ್ಗೆ ಟೇಪು ಹಿಡಿದು, ಮಂಡಿ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡ ಅಳೆಯಿರಿ. 3 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ತಕ್ಷಣ ಡಾಕ್ಟರಿಗೆ ಹೇಳಿ, ರಕ್ತನಾಳದಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಲೇಬೇಡಿ. ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು.