ಫಾರ್ವರ್ಡ್ ಆದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದೆಯಾ?

ಮೈಸೂರಿನ ಬಡಾವಣೆ ಸಂಘಗಳಲ್ಲಿ ಸ್ವಂತ ಡೊಮೇನ್‌ನ (ವಿಳಾಸದಲ್ಲಿ @ ನಂತರ ಬರುವ ಹೆಸರು) ಇಮೇಲ್ ಇಟ್ಟುಕೊಂಡು, ಬಂದದ್ದನ್ನೆಲ್ಲ ಜಿಮೇಲ್‌ಗೆ ಫಾರ್ವರ್ಡ್ ಮಾಡಿಸಿಕೊಳ್ಳುವವರು ಇದ್ದೀರಿ. ಅದರಲ್ಲಿ ಕೆಲವು ಸ್ಪ್ಯಾಮ್‌ಗೆ ಹೋಗುತ್ತವೆ, ಅಲ್ವಾ?

ಕಳಿಸಿದವರ ವಿಳಾಸ ಎರಡು ಕಡೆ ಇರುತ್ತದೆ. ನಮಗೆ ಕಾಣುವುದು ಫ್ರಮ್. ಇನ್ನೊಂದು ರಿಟರ್ನ್-ಪಾತ್, ಲಕೋಟೆಯ ಮೇಲಿನ ವಿಳಾಸದ ಹಾಗೆ. ಎಸ್‌ಪಿಎಫ್ ಎಂಬ ತಪಾಸಣೆ ನೋಡುವುದು ಈ ಎರಡನೆಯದನ್ನೇ: ಈ ಡೊಮೇನ್ ಪರವಾಗಿ ಕಳಿಸಲು ಈ ಸರ್ವರ್‌ಗೆ ಅನುಮತಿ ಇದೆಯಾ? ಫಾರ್ವರ್ಡ್ ಮಾಡುವ ನಡುವಿನ ಸರ್ವರ್‌ಗೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಫೇಲ್.

ಡಿಕಿಮ್ (ಕಳಿಸುವ ಕಡೆಯ ಸರ್ವರ್ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಮಾತ್ರ ಫಾರ್ವರ್ಡ್ ಆದರೂ ಉಳಿಯುತ್ತದೆ, ಮೇಲ್ ತಿದ್ದದಿದ್ದರೆ. ಸಬ್ಜೆಕ್ಟ್‌ಗೆ ಸುಮ್ನೆ ಸಂಘದ ಹೆಸರು ಸೇರಿಸುವ, ಕೊನೆಯಲ್ಲಿ ಒಂದು ಸಾಲು ಅಂಟಿಸುವ ಸೆಟ್ಟಿಂಗ್ ಇದ್ದರೆ ದಯವಿಟ್ಟು ತೆಗೆಸಿ. ಸಹಿ ಕೆಡುವುದು ಹೆಚ್ಚಾಗಿ ಅಲ್ಲೇ. ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಒಂದು ಪಾಸಾಗಿ, ಅದರ ಡೊಮೇನ್ ಫ್ರಮ್‌ನ ಡೊಮೇನ್‌ಗೆ ಹೊಂದಿದರೆ ಮೂರನೆಯ ತಪಾಸಣೆಯಾದ ಡಿಮಾರ್ಕ್ ಪಾಸ್.

ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಮೇಲ್‌ನ ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ನೋಡಿ. ಮೂರರ ಫಲಿತಾಂಶವೂ ಅಲ್ಲಿರುತ್ತದೆ. ಎಸ್‌ಪಿಎಫ್ ಒಂದೇ ಫೇಲ್ ಆಗಿದ್ದರೆ ಫಾರ್ವರ್ಡ್‌ನಿಂದ ಇರಬಹುದು. ಬ್ಯಾಂಕ್ ಹೆಸರಿನ ಮೇಲ್‌ನಲ್ಲಿ ಡಿಮಾರ್ಕ್ ಫೇಲ್ ಇದ್ದರೆ ಲಿಂಕ್ ಮುಟ್ಟಬೇಡಿ. ಪಾಸ್ ಇದ್ದರೂ ಡೊಮೇನ್‌ನ ಅಕ್ಷರ ಒಂದೊಂದಾಗಿ ಓದಿ. ಮೋಸಗಾರರು ಹೋಲುವ ಹೆಸರಿನ ಡೊಮೇನ್ ಕೊಂಡು, ಎಲ್ಲ ತಪಾಸಣೆಯನ್ನೂ ಪಾಸ್ ಮಾಡಿಸಬಲ್ಲರು.